ಯಾಕೆ ಬರಲಿಲ್ಲ ನೀನು? – ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಹಳೆಯ ಸಂಗಾತಿಯ ಪುನರಾಗಮನ

ಈ ಪುಟಗಳಲ್ಲಿ ವಿಮರ್ಶೆ ಎಂದರೆ ಸಾಮಾನ್ಯವಾಗಿ ಊರಿನಿಂದ ತಂದ ಕಾದಂಬರಿಯದ್ದು, ಇಲ್ಲವೇ ಇಲ್ಲಿಗೆ ಬಂದು ಹಾಡಿ ಹೋದ ಕಲಾವಿದರ ಕಾರ್ಯಕ್ರಮದ್ದು. ಇಂಗ್ಲಿಷಿನ ಟಿ.ವಿ. ಧಾರಾವಾಹಿಯೊಂದನ್ನು, ಅದೂ ಅಂತರಿಕ್ಷ, ರಾಕ್ಷಸರು, ಯಂತ್ರದ ನಾಯಿ ಎಲ್ಲವೂ ಇರುವ ಧಾರಾವಾಹಿಯನ್ನು, ಇಲ್ಲಿ ಎತ್ತಿಕೊಂಡದ್ದಕ್ಕೆ ಹಿರಿಯರು ಹುಬ್ಬೇರಿಸಬಹುದು. ಆದರೆ ನಮ್ಮ ಸಂಘದ ಯಾವ ಹಬ್ಬಕ್ಕೇ ಹೋಗಿ, ಊಟವಾದ ಮೇಲೆ ದೊಡ್ಡವರು ತೆರಿಗೆ, ಮನೆಸಾಲ, ಊರಿನ ಸೈಟು ಎಂದು ಮಾತಾಡುತ್ತಿರುವಾಗ ಮಕ್ಕಳ ಗುಂಪೊಂದು ಮೂಲೆಯಲ್ಲಿ ಕೂತು ಇದರ ಬಗ್ಗೆಯೇ ಬಿಸಿಬಿಸಿ ಚರ್ಚೆ ನಡೆಸುತ್ತಿರುತ್ತದೆ. ಅರ್ಧ ಜರ್ಮನ್, ಅರ್ಧ ಇಂಗ್ಲಿಷ್, ನಡುನಡುವೆ ಕನ್ನಡ. 2025ರ ಬೇಸಿಗೆಯಿಂದ ಅವರ ವಾದದ ವಿಷಯ ಒಂದೇ: ಬಿಟ್ಟು ಹೋದ ಹಳೆಯ ಸಂಗಾತಿಗಳನ್ನು ಕತೆಗೆ ಮತ್ತೆ ಕರೆತರಬೇಕೇ, ಬೇಡವೇ?

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಲ್ಲಿಗೆ ಬಂದು ತಜ್ಞ ತರಬೇತಿ ಪಡೆದು, ಆಸ್ಪತ್ರೆಯಲ್ಲೇ ಕೂದಲು ನೆರೆಸಿಕೊಂಡವನು. ಆದರೂ ಈ ಪ್ರಶ್ನೆ ಮಕ್ಕಳಿಗಿಂತ ನಮಗೇ ಹೆಚ್ಚು ಸಂಬಂಧಿಸಿದ್ದು ಎನ್ನಿಸಿದ್ದರಿಂದ ಈ ಲೇಖನ.

ಹೂವಿನ ಡಾಕ್ಟರಲ್ಲ

ಮೊದಲು ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ‘ಡಾಕ್ಟರ್ ಹೂ’ ಎಂದೊಡನೆ ತೋಟಗಾರಿಕೆಯ ಕಾರ್ಯಕ್ರಮವೆಂದು ತಿಳಿದವರು ನಮ್ಮಲ್ಲಿ ಇದ್ದಾರೆ. ‘ಹೂ’ ಎಂದರೆ ಇಲ್ಲಿ ‘ಯಾರು’. ಡಾಕ್ಟರ್ ಎಂಬುದು ಕಥಾನಾಯಕನ ಹೆಸರು. ನಮ್ಮ ಹಾಗೆ ಅಪ್ರೊಬಾಟ್ಸಿಯೋನ್‌ಗಾಗಿ ಕಚೇರಿಯಿಂದ ಕಚೇರಿಗೆ ಅಲೆದವನಲ್ಲ. ಗ್ಯಾಲಿಫ್ರೇ ಎಂಬ ಗ್ರಹದವನು, ಎದೆಯಲ್ಲಿ ಎರಡು ಹೃದಯ. ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲದಲ್ಲೂ ದೇಶದಲ್ಲೂ ಬೇಕಾದಲ್ಲಿಗೆ ಹೋಗುತ್ತಾನೆ. ಹೊರಗಿನಿಂದ ಅದು ಲಂಡನ್ನಿನ ಹಳೆಯ ನೀಲಿ ಪೊಲೀಸ್ ಡಬ್ಬ. ಒಳಗೆ ಹೋದರೆ ಅರಮನೆಯಷ್ಟು ವಿಶಾಲ.

ಬಿ.ಬಿ.ಸಿ. ಇದನ್ನು 1963ರ ನವೆಂಬರ್ 23ರಂದು ಆರಂಭಿಸಿತು. ಮೊದಲ ಕತೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್ ಎಂಬುದು ನಮಗೆ ಹೆಮ್ಮೆಯ ಸಂಗತಿ. 1966ರಲ್ಲಿ ನಾಯಕನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಾಗ ಕತೆಗಾರರು ಒಂದು ಉಪಾಯ ಹೂಡಿದರು. ಸಾಯುವ ಹೊತ್ತಿಗೆ ಡಾಕ್ಟರ್ ಹೊಸ ದೇಹ, ಹೊಸ ಮುಖ ಪಡೆಯುತ್ತಾನೆ. ದಶಾವತಾರದ ನಾಡಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಒಂದು ಉಪಾಯದಿಂದ ಧಾರಾವಾಹಿ 1989ರವರೆಗೆ ಎಡೆಬಿಡದೆ ನಡೆಯಿತು. ನಿಂತದ್ದು 2005ರಲ್ಲಿ ಮತ್ತೆ ಹೊರಟಿತು.

ಡಾಕ್ಟರ್ ಒಂಟಿಯಾಗಿ ತಿರುಗುವುದು ಕಡಿಮೆ. ಜೊತೆಗೆ ಭೂಮಿಯ ಒಬ್ಬ ಸಂಗಾತಿ, ಬಹುಪಾಲು ಒಬ್ಬ ಯುವತಿ, ಇರುತ್ತಾಳೆ. ಕೆಲವು ಕಾಲ ಅವನೊಡನೆ ಬ್ರಹ್ಮಾಂಡ ಸುತ್ತುತ್ತಾಳೆ, ಒಂದು ದಿನ ಇಳಿದುಹೋಗುತ್ತಾಳೆ. ಅವನು ಮುಂದಿನವಳೊಡನೆ ಮುಂದಕ್ಕೆ. ಇಳಿದವಳು ಏನಾದಳು? ನಾಲ್ಕು ದಶಕಗಳ ಕಾಲ ಧಾರಾವಾಹಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡಿರಲಿಲ್ಲ. ಕೇಳಿಕೊಂಡದ್ದು 2006ರಲ್ಲಿ, ಸಾರಾ ಜೇನ್ ಸ್ಮಿತ್ ಮರಳಿ ಬಂದಾಗ.

ಇಳಿಸಿ ಹೋದ ಬಗೆ

ಸಾರಾ ಜೇನ್ ಪತ್ರಕರ್ತೆ. ನಟಿ ಎಲಿಜಬೆತ್ ಸ್ಲೇಡನ್ ಈ ಪಾತ್ರದಲ್ಲಿ ಕಾಣಿಸಿಕೊಂಡದ್ದು 1973ರ ಡಿಸೆಂಬರಿನಲ್ಲಿ. ಆಗ ಜಾನ್ ಪರ್ಟ್ವೀ ಡಾಕ್ಟರಾಗಿದ್ದರು. ಬಳಿಕ ಉದ್ದ ಮಫ್ಲರಿನ ಟಾಮ್ ಬೇಕರ್. 1976ರ ಅಕ್ಟೋಬರಿನಲ್ಲಿ ‘ದಿ ಹ್ಯಾಂಡ್ ಆಫ್ ಫಿಯರ್’ ಕತೆಯ ಕೊನೆಯಲ್ಲಿ ಅವಳ ನಿರ್ಗಮನ. ಸಿಟ್ಟಿನಲ್ಲಿ, ಹೆದರಿಸುವುದಕ್ಕಷ್ಟೇ, ನಾನು ಹೊರಟೆ ಎಂದು ತನ್ನ ಸಾಮಾನು ಕಟ್ಟಿಕೊಂಡು ಬರುತ್ತಾಳೆ. ಅದೇ ಕ್ಷಣಕ್ಕೆ ಡಾಕ್ಟರಿಗೆ ತನ್ನ ಗ್ರಹದಿಂದ ಕರೆ ಬಂದಿದೆ. ಮನುಷ್ಯರಿಗೆ ಅಲ್ಲಿ ಪ್ರವೇಶವಿಲ್ಲ. ಹೆದರಿಸಲು ಆಡಿದ ಮಾತು ನಿಜವಾಗಿಬಿಡುತ್ತದೆ. ಯಾರೂ ಅಳುವುದಿಲ್ಲ, ಯಾರೂ ಭಾಷಣ ಮಾಡುವುದಿಲ್ಲ. ಅವಳ ಊರಾದ ಸೌತ್ ಕ್ರಾಯ್ಡನ್‌ನಲ್ಲಿ ಇಳಿಸಿದ್ದೇನೆ ಎಂದು ಹೇಳಿ ಅವನು ಹೊರಟುಹೋಗುತ್ತಾನೆ. ಸುತ್ತ ನೋಡಿದರೆ ಅದು ಅವಳ ಬೀದಿಯೇ ಅಲ್ಲ. ಮೂವತ್ತು ವರ್ಷದ ನಂತರ ತಿಳಿಯುತ್ತದೆ, ಅದು ಸ್ಕಾಟ್ಲೆಂಡಿನ ಅಬರ್ಡೀನ್ ಎಂದು. ಮಂಗಳೂರಿಗೆ ಬಿಡುತ್ತೇನೆಂದು ಹೇಳಿ ಬೀದರಿನಲ್ಲಿ ಇಳಿಸಿ ಹೋದ ಹಾಗೆ!

2006ರ ಏಪ್ರಿಲ್ 29ರಂದು ಪ್ರಸಾರವಾದ ಕಂತಿನ ಹೆಸರು ‘ಸ್ಕೂಲ್ ರಿಯೂನಿಯನ್’. ಬರೆದವರು ಟೋಬಿ ವಿಟ್‌ಹೌಸ್, ನಿರ್ದೇಶನ ಜೇಮ್ಸ್ ಹಾಸ್. ಡೇವಿಡ್ ಟೆನೆಂಟ್ ಆಗಿನ ಡಾಕ್ಟರ್, ರೋಸ್ ಟೈಲರ್ ಆಗಿನ ಸಂಗಾತಿ. ಒಂದು ಶಾಲೆಯಲ್ಲಿ ಮಕ್ಕಳು ಇದ್ದಕ್ಕಿದ್ದಂತೆ ಅತಿ ಬುದ್ಧಿವಂತರಾಗುತ್ತಿದ್ದಾರೆ. ಡಾಕ್ಟರ್ ಭೌತಶಾಸ್ತ್ರದ ಮೇಷ್ಟ್ರಾಗಿ, ರೋಸ್ ಅಡುಗೆಮನೆಯ ಕೆಲಸದವಳಾಗಿ ವೇಷ ಹಾಕಿಕೊಂಡು ಒಳಸೇರುತ್ತಾರೆ. ಅದೇ ಶಾಲೆಯ ರಹಸ್ಯ ಹುಡುಕಿ ಒಬ್ಬ ಪತ್ರಕರ್ತೆಯೂ ಬರುತ್ತಾಳೆ. ಶಿಕ್ಷಕರ ಕೋಣೆಯಲ್ಲಿ ಅವಳನ್ನು ಕಂಡ ಡಾಕ್ಟರಿನ ಮುಖ ಅರಳುತ್ತದೆ. ಅವಳಿಗೋ ಇವನು ಯಾರೋ ಹೊಸ ಮೇಷ್ಟ್ರು. ಮುಖ ಬೇರೆ, ವಯಸ್ಸು ಬೇರೆ. ಅವನು ಜಾನ್ ಸ್ಮಿತ್ ಎಂದು ಹೆಸರು ಹೇಳುತ್ತಾನೆ. ತನ್ನ ಗೆಳೆಯನೊಬ್ಬನೂ ಆ ಹೆಸರನ್ನು ಬಳಸುತ್ತಿದ್ದ ಎಂದು ಅವಳು ನೆನೆಯುತ್ತಾಳೆ. ಅಷ್ಟೇ.

ಇಲ್ಲಿ ಶಾಕುಂತಲ ನಾಟಕ ತಲೆಕೆಳಗಾಗಿದೆ. ಅಲ್ಲಿ ಮರೆತವನು ದುಷ್ಯಂತ, ನೆನಪಿದ್ದವಳು ಶಕುಂತಲೆ. ಇಲ್ಲಿ ಗುರುತಿದ್ದವನು ಬಾಯಿ ಬಿಡುವುದಿಲ್ಲ, ಕಾದವಳಿಗೆ ಗುರುತು ಸಿಗುವುದಿಲ್ಲ. ಉಂಗುರದ ಕೆಲಸ ಮಾಡುವುದು ಆ ನೀಲಿ ಡಬ್ಬ. ರಾತ್ರಿ ಶಾಲೆಯೊಳಗೆ ಕದ್ದು ಬಂದ ಸಾರಾ ಜೇನ್ ಒಂದು ಬಾಗಿಲು ತೆರೆಯುತ್ತಾಳೆ. ಒಳಗೆ ಟಾರ್ಡಿಸ್ ನಿಂತಿದೆ. ಹಿಂದೆ ಸರಿದು ತಿರುಗಿದರೆ ಬೆನ್ನ ಹಿಂದೆ ಅವನು. ಸ್ಲೇಡನ್ ಅವರ ಮುಖದಲ್ಲಿ ಆಗ ಸಂತೋಷ, ಸಿಟ್ಟು, ನಾಚಿಕೆ, ತನಗೆ ವಯಸ್ಸಾಯಿತೆಂಬ ಅರಿವು ಎಲ್ಲವೂ ಒಂದರ ಹಿಂದೆ ಒಂದು ಹಾದುಹೋಗುತ್ತವೆ. ಅವರಿಗೆ ಆಗ ಅರವತ್ತು. ಮೂವತ್ತೈದು ದಾಟಿದ ನಾಯಕಿಗೆ ತಾಯಿಯ ಪಾತ್ರ ಕೊಟ್ಟು ಮೂಲೆಗೆ ಕೂರಿಸುವ ನಮ್ಮ ಚಿತ್ರರಂಗವನ್ನು ನೋಡಿ ಬೆಳೆದವರಿಗೆ ಈ ಅರವತ್ತು ದೊಡ್ಡ ಸಂಗತಿ.

ಕುಚೇಲನೂ ಅಲ್ಲ, ದ್ರೋಣನೂ ಅಲ್ಲ

ಹಳೆಯ ಒಡನಾಡಿ ಬಹಳ ಕಾಲದ ಮೇಲೆ ಬಾಗಿಲಿಗೆ ಬಂದು ನಿಲ್ಲುವ ಕತೆ ನಮಗೆ ಹೊಸದಲ್ಲ. ಕುಚೇಲ ಅವಲಕ್ಕಿ ಗಂಟಿನೊಡನೆ ದ್ವಾರಕೆಗೆ ಬರುತ್ತಾನೆ. ಕೃಷ್ಣ ಎದ್ದು ಬಂದು ಅಪ್ಪಿಕೊಳ್ಳುತ್ತಾನೆ. ಇವನು ಏನೂ ಕೇಳದೆ ಮರಳುತ್ತಾನೆ. ದ್ರೋಣ ದ್ರುಪದನ ಆಸ್ಥಾನಕ್ಕೆ ಬರುತ್ತಾನೆ. ದ್ರುಪದ ಯಾವ ಸ್ನೇಹ, ಎಲ್ಲಿಯ ಗೆಳೆತನ ಎಂದು ಅವಮಾನಿಸುತ್ತಾನೆ. ಆ ಅವಮಾನ ಕುರುಕ್ಷೇತ್ರದವರೆಗೆ ಬೆಳೆಯುತ್ತದೆ. ಒಂದು ಭಕ್ತಿಯ ಮಾದರಿ, ಒಂದು ಸೇಡಿನ ಮಾದರಿ.

ಸಾರಾ ಜೇನ್ ಎರಡಕ್ಕೂ ಸೇರಳು. ಅವಳಿಗೆ ಸಂಪತ್ತು ಬೇಡ, ಸೇಡೂ ಬೇಡ. ಬೇಕಾದದ್ದು ಒಂದು ವಿವರಣೆ. ಯಾಕೆ ಬರಲಿಲ್ಲ ನೀನು? ನಾನೇನು ತಪ್ಪು ಮಾಡಿದ್ದೆ? ಕಾದಿದ್ದೆನಲ್ಲ? ಇದಕ್ಕೆ ಸರಿಯಾದ ಹೋಲಿಕೆ ನನಗೆ ಕಾಣುವುದು ಭಾಗವತದ ದಶಮಸ್ಕಂಧದಲ್ಲಿ, ನಾವು ಅಷ್ಟಾಗಿ ಹಾಡದ, ಹರಿಕತೆಯಲ್ಲಿ ಬೇಗ ದಾಟಿಸುವ ಒಂದು ಪ್ರಸಂಗದಲ್ಲಿ. ಮಥುರೆಗೆ ಹೋದ ಕೃಷ್ಣ ವೃಂದಾವನಕ್ಕೆ ಮರಳಲಿಲ್ಲ. ಉದ್ಧವನ ಕೈಯಲ್ಲಿ ವೇದಾಂತ ಹೇಳಿ ಕಳಿಸಿದ. ಗೋಪಿಯರಿಗೆ ಅದು ರುಚಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸೂರ್ಯಗ್ರಹಣದ ದಿನ ಸ್ಯಮಂತಪಂಚಕ ತೀರ್ಥದಲ್ಲಿ ಎಲ್ಲರೂ ಸೇರುತ್ತಾರೆ: ನಂದ, ಯಶೋದೆ, ಗೋಪಿಯರು ಒಂದು ಕಡೆ, ದ್ವಾರಕೆಯ ಒಡೆಯ ಇನ್ನೊಂದು ಕಡೆ. ಕೃಷ್ಣ ಗೋಪಿಯರಿಗೆ ಹೇಳುವುದೇನು? ನಮ್ಮನ್ನು ನೆನಪಿಟ್ಟಿದ್ದೀರಾ, ಬಂಧುಗಳ ಕೆಲಸ, ಶತ್ರುಗಳ ಕಾಟ, ಅದರಲ್ಲೇ ಇಷ್ಟು ಕಾಲವಾಯಿತು ಎಂದು. ಭಗವಂತನೂ ‘ಕೆಲಸ ಜಾಸ್ತಿ ಇತ್ತು’ ಎಂದೇ ಹೇಳಬೇಕಾಯಿತು!

ಡಾಕ್ಟರಿನ ಉತ್ತರ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅವನು ಅದನ್ನು ಹೇಳುವುದು ರೋಸ್‌ಗೆ, ರಾತ್ರಿಯ ರಸ್ತೆಯಲ್ಲಿ. ಅವಳಿಗೂ ಭಯ ಹುಟ್ಟಿದೆ: ನನ್ನನ್ನೂ ಹೀಗೇ ಬಿಟ್ಟು ಹೋಗುತ್ತೀಯಾ? ತನಗೆ ಮುಪ್ಪಿಲ್ಲ, ಮನುಷ್ಯರು ಕಣ್ಣೆದುರೇ ಬಾಡಿ ಸಾಯುತ್ತಾರೆ. ಅವರು ತಮ್ಮ ಉಳಿದ ಬಾಳನ್ನೆಲ್ಲ ತನ್ನೊಡನೆ ಕಳೆಯಬಹುದು, ತಾನು ತನ್ನ ಬಾಳನ್ನು ಅವರೊಡನೆ ಕಳೆಯಲಾರೆ ಎಂದು ಅವನು ಹೇಳುತ್ತಾನೆ. ಸಾರಾಂಶ ಇಷ್ಟೆ: ಪ್ರೀತಿ ಇಲ್ಲದೆ ಅಲ್ಲ, ಬಾಡುವುದನ್ನು ನೋಡಲಾರದೆ ಬಿಟ್ಟು ಹೋಗುತ್ತೇನೆ.

ಈ ಮಾತನ್ನು ಅಭಿಮಾನಿಗಳು ಕಣ್ಣೀರಿನೊಡನೆ ಮೆಚ್ಚುತ್ತಾರೆ. ವೈದ್ಯನಾದ ನನಗೆ ಇದು ಪರಿಚಿತ ವಾಕ್ಯ. ವೃದ್ಧರ ವಾರ್ಡಿನಲ್ಲಿ ಕೆಲಸ ಮಾಡಿದ ಯಾರನ್ನೇ ಕೇಳಿ. ತಂದೆಯನ್ನು ಈ ಸ್ಥಿತಿಯಲ್ಲಿ ನೋಡಲು ನನ್ನಿಂದಾಗದು, ಹಿಂದಿನ ಹಾಗೆಯೇ ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಎಂದು ಹೇಳಿ ಬಾರದೆ ಉಳಿಯುವ ಮಕ್ಕಳು ಜರ್ಮನರಲ್ಲೂ ಇದ್ದಾರೆ, ನಮ್ಮವರಲ್ಲೂ ಇದ್ದಾರೆ. ಅವರು ಕೆಟ್ಟವರೇನಲ್ಲ. ಆದರೆ ಮಂಚದ ಮೇಲಿರುವವರಿಗೆ ಬೇಕಾದದ್ದು ಆ ಸೂಕ್ಷ್ಮ ಮನಸ್ಸಲ್ಲ, ಪಕ್ಕದ ಕುರ್ಚಿಯಲ್ಲಿ ಕೂತ ಒಬ್ಬ ಮನುಷ್ಯ. ಈ ಕಂತಿನ ಹಿರಿಮೆ ಇರುವುದು ಇಲ್ಲಿಯೇ: ಡಾಕ್ಟರಿನ ವಾಕ್ಯವನ್ನು ಅದು ಸುಂದರವಾಗಿ ಆಡಿಸುತ್ತದೆ, ಆದರೆ ಕೊನೆಯ ಮಾತಾಗಲು ಬಿಡುವುದಿಲ್ಲ.

ಕೊನೆಯ ಮಾತು ಸಾರಾ ಜೇನ್‌ಳದ್ದು. ಶಾಲೆಯ ಹೆಡ್‌ಮಾಸ್ಟರ ವೇಷದ ರಾಕ್ಷಸ ಡಾಕ್ಟರಿಗೆ ಆಮಿಷ ಒಡ್ಡುತ್ತಾನೆ. ಸೃಷ್ಟಿಯ ಸೂತ್ರವೇ ಕೈಗೆ ಬರಲಿದೆ, ನಮ್ಮೊಡನೆ ಸೇರು, ಸತ್ತುಹೋದ ನಿನ್ನ ಜನರನ್ನು ಬದುಕಿಸು, ನಿನ್ನ ಈ ಗೆಳತಿಯರಿಗೆ ಎಂದೂ ಮಾಸದ ತಾರುಣ್ಯ ಕೊಡು. ಡಾಕ್ಟರ್ ಒಂದು ಕ್ಷಣ ನಿಜವಾಗಿಯೂ ತೂಗಾಡುತ್ತಾನೆ. ತಡೆಯುವವಳು, ಆ ಅರವತ್ತರ ಹೆಂಗಸು. ನೋವು, ಅಗಲಿಕೆ ಕೂಡ ನಮ್ಮನ್ನು ನಾವಾಗಿ ಮಾಡಿದ್ದು; ಎಲ್ಲಕ್ಕೂ ಒಂದು ಕಾಲವಿದೆ, ಎಲ್ಲಕ್ಕೂ ಕೊನೆಯಿದೆ ಎನ್ನುತ್ತಾಳೆ. ತಾರುಣ್ಯ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವಳೇ ಬೇಡವೆಂದಳು. ಬಾಡುವುದಕ್ಕೆ ಹೆದರಿ ಓಡಿದವನಿಗೆ ಬಾಡುತ್ತಿರುವವಳೇ ಪಾಠ ಹೇಳಿದಳು. ಅದಾದ ಮೇಲೆ ಅವಳು ಕೇಳುವುದು ಇಷ್ಟೇ: ಈ ಸಲವಾದರೂ ಬಾಯಿಬಿಟ್ಟು ಹೋಗಿಬರುತ್ತೇನೆ ಎನ್ನು. ಅವನು ಹೇಳುತ್ತಾನೆ, ಅಪ್ಪಿಕೊಂಡು ಎತ್ತುತ್ತಾನೆ, ಹೋಗುತ್ತಾನೆ.

ಕೊರತೆಗಳು, ವಾದಗಳು

ಹೊಗಳಿಕೆಯಷ್ಟೇ ಬರೆದರೆ ವಿಮರ್ಶೆಯಾಗದು. ಈ ಕಂತಿನ ರಾಕ್ಷಸರ ಕತೆ ಬಲು ತೆಳು. ಒಂದು ವಿಚಿತ್ರ ಎಣ್ಣೆಯಲ್ಲಿ ಕರಿದ ಆಲೂಗೆಡ್ಡೆ ತಿಂದು ಮಕ್ಕಳು ಬುದ್ಧಿವಂತರಾಗುವುದು, ಅವರ ತಲೆಗಳನ್ನು ಸೇರಿಸಿ ಸೃಷ್ಟಿಯ ಸೂತ್ರ ಬಿಡಿಸುವುದು, ಕೊನೆಗೆ ಅದೇ ಎಣ್ಣೆ ಸಿಡಿದು ಖಳರ ನಾಶ: ಇದೆಲ್ಲ ಇಬ್ಬರ ಭೇಟಿಗೆ ಹಾಕಿದ ಚಪ್ಪರ ಮಾತ್ರ. ಕರಿದದ್ದು ತಿಂದರೆ ಬುದ್ಧಿ ಬೆಳೆಯುತ್ತದೆ ಎಂಬ ಸಂದೇಶವನ್ನು ವೃತ್ತಿಧರ್ಮದ ದೃಷ್ಟಿಯಿಂದಲೂ ನಾನು ಒಪ್ಪಲಾರೆ!

ಎರಡನೆಯ ಕೊರತೆ ಇನ್ನೂ ದೊಡ್ಡದು. ಹಳಬಳೂ ಹೊಸಬಳೂ ಎದುರಾದಾಗ ಕತೆ ಅವರನ್ನು ಸವತಿಯರಂತೆ ಆಡಿಸುತ್ತದೆ. ಯಾರು ಎಷ್ಟು ಭೀಕರ ರಾಕ್ಷಸರನ್ನು ನೋಡಿದ್ದಾರೆ ಎಂದು ಪೈಪೋಟಿ ನಡೆಯುತ್ತದೆ. ಎಪ್ಪತ್ತರ ದಶಕದ ಸಾರಾ ಜೇನ್ ಡಾಕ್ಟರಿನ ಪ್ರಿಯತಮೆಯಲ್ಲ, ತನ್ನ ಕಾಲ ಮೇಲೆ ನಿಂತ ಪತ್ರಕರ್ತೆ. ಹಳೆಯ ಅಭಿಮಾನಿಗಳು ಈ ಬದಲಾವಣೆಗೆ ಸಿಡಿಮಿಡಿಗೊಂಡದ್ದು ನ್ಯಾಯವೇ. ಪುಣ್ಯಕ್ಕೆ ಆ ಪೈಪೋಟಿ ನಗೆಯಲ್ಲಿ ಮುಗಿಯುತ್ತದೆ. ಇಬ್ಬರೂ ಸೇರಿ ಡಾಕ್ಟರಿನ ವಿಚಿತ್ರ ಅಭ್ಯಾಸಗಳನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಾರೆ. ಒಳಗೆ ಬಂದ ಅವನಿಗೆ ಏನೆಂದು ತಿಳಿಯದು. ಗಂಡಂದಿರ ಬಗ್ಗೆ ನಮ್ಮ ಮಹಿಳಾ ಸದಸ್ಯೆಯರು ಅಡುಗೆಮನೆಯಲ್ಲಿ ನಗುವಾಗ ಒಳಗೆ ಕಾಲಿಟ್ಟವರಿಗೆ ಈ ದೃಶ್ಯ ಅರ್ಥವಾದೀತು.

ಇನ್ನು ಅಭಿಮಾನಿಗಳ ನಡುವಿನ ಖ್ಯಾತ ವಾದ: 1983ರ ‘ದಿ ಫೈವ್ ಡಾಕ್ಟರ್ಸ್’ ವಿಶೇಷ ಕತೆಯಲ್ಲಿ ಸಾರಾ ಜೇನ್ ಡಾಕ್ಟರನ್ನು ಮತ್ತೆ ಕಂಡಿದ್ದಾಳೆ. ಹಾಗಿದ್ದ ಮೇಲೆ 2006ರಲ್ಲಿ ಮೊದಲ ಬಾರಿ ಕಂಡವಳಂತೆ, ಅವನು ಸತ್ತೇ ಹೋದನೆಂದು ತಿಳಿದಿದ್ದವಳಂತೆ ಮಾತಾಡುವುದು ಹೇಗೆ? 1975ರ ಒಂದು ಕತೆಯಲ್ಲಿ ತಾನು 1980ರವಳು ಎಂದು ಬೇರೆ ಹೇಳಿದ್ದಾಳೆ. ಭಾರತ ಯುದ್ಧದ ತಿಥಿ ನಿರ್ಣಯಕ್ಕೆ ನಮ್ಮ ಪಂಡಿತರು ಹೊಡೆದಾಡುವ ಹಾಗೆ ಇವರೂ ಹೊಡೆದಾಡುತ್ತಾರೆ. ನನ್ನ ಅಭಿಪ್ರಾಯ ಇಷ್ಟು. 1983ರದ್ದು ಜಾತ್ರೆ, ಐದು ಡಾಕ್ಟರುಗಳ ಗದ್ದಲದಲ್ಲಿ ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಮದುವೆ ಮಂಟಪದಲ್ಲಿ ಕೈಬೀಸಿ ಹೋದವರನ್ನು ಭೇಟಿಯಾದೆವೆಂದು ಲೆಕ್ಕ ಹಾಕುತ್ತೇವೆಯೇ?

ಜರ್ಮನಿಯಲ್ಲಿ ನೋಡಿದ ಬಗೆ

ಜರ್ಮನಿಯ ಪ್ರೇಕ್ಷಕರ ಕತೆ ಬೇರೆ. ಆರ್.ಟಿ.ಎಲ್. ಪ್ಲುಸ್ 1989ರಲ್ಲಿ ಈ ಧಾರಾವಾಹಿಯನ್ನು ಜರ್ಮನ್ ಮಾತು ಕೂಡಿಸಿ ತಂದಿತಾದರೂ ತೋರಿಸಿದ್ದು ಎಂಬತ್ತರ ದಶಕದ ಕತೆಗಳನ್ನು. ಎಪ್ಪತ್ತರ ದಶಕದ ಟಾಮ್ ಬೇಕರ್ ಕತೆಗಳು ಆಗ ಬರಲಿಲ್ಲ. ಪ್ರೊಜೀಬೆನ್ ವಾಹಿನಿ 2008ರಲ್ಲಿ ಹೊಸ ಸರಣಿಯನ್ನು ತೋರಿಸಿದಾಗ ಇದೇ ಕಂತು ‘ಕ್ಲಾಸನ್‌ಟ್ರೆಫನ್’ ಎಂಬ ಹೆಸರಿನಲ್ಲಿ ಬಂತು. ಎಂದರೆ ಇಲ್ಲಿನ ಬಹುಪಾಲು ಜನಕ್ಕೆ ಸಾರಾ ಜೇನ್ ಹೋದದ್ದೇ ಗೊತ್ತಿಲ್ಲ, ಮರಳಿದ್ದು ಮಾತ್ರ ಕಂಡಿತು. ಕಲೆಗೆ ಇದೊಂದು ಕಠಿಣ ಪರೀಕ್ಷೆ. ಹಳೆಯ ನೆನಪಿನ ಬಲವಿಲ್ಲದೆ ಪುನರಾಗಮನ ನಿಲ್ಲುತ್ತದೆಯೇ? ನಿಲ್ಲುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳೇ ಸಾಕ್ಷಿ. ಅವರೂ ಹಳೆಯ ಸಾರಾ ಜೇನ್‌ಳನ್ನು ನೋಡಿದವರಲ್ಲ. ಆದರೂ ಆ ನೀಲಿ ಡಬ್ಬದ ಮುಂದಿನ ಮುಖ ನೋಡಿ ಸುಮ್ಮನಾಗುತ್ತಾರೆ. ಕಾದವರ ಮುಖ ಯಾವ ದೇಶದಲ್ಲಾದರೂ ಗುರುತು ಸಿಗುತ್ತದೆ.

ಜರ್ಮನರಿಗೆ ತಮ್ಮದೇ ಆದ ದೀರ್ಘ ಅಂತರಿಕ್ಷ ಪುರಾಣವಿದೆ: ‘ಪೆರಿ ರೋಡಾನ್’. ಕೆ. ಎಚ್. ಶೇಯರ್ ಮತ್ತು ಕ್ಲಾರ್ಕ್ ಡಾರ್ಲ್‌ಟನ್ ಎಂಬ ಹೆಸರಿನಲ್ಲಿ ಬರೆದ ವಾಲ್ಟರ್ ಅರ್ನ್‌ಸ್ಟಿಂಗ್ ಸೇರಿ 1961ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ವಾರದ ಕಿರುಪುಸ್ತಕ. ರೈಲು ನಿಲ್ದಾಣದ ಕಿಯೋಸ್ಕಿನಲ್ಲಿ ನೇತಾಡುತ್ತಿದ್ದುದನ್ನು ನೀವೂ ನೋಡಿರುತ್ತೀರಿ. 2019ರಲ್ಲಿ ಅದು 3000ನೆಯ ಸಂಚಿಕೆ ಮುಟ್ಟಿತು. ಅದರ ಓದುಗರ ಪತ್ರಗಳ ಪುಟದಲ್ಲಿ ಯಾವ ಪಾತ್ರವನ್ನು ಕೊಂದದ್ದು ತಪ್ಪು, ಯಾರನ್ನು ಮರಳಿ ತರಬೇಕು ಎಂಬ ಜಗಳ ಹೊಸದೇನಲ್ಲ.

ಆದರೆ ಅಲ್ಲಿ ಸಮಸ್ಯೆಯನ್ನು ಬಗೆಹರಿಸಿದ ರೀತಿ ಬೇರೆ. ನಾಯಕ ರೋಡಾನನಿಗೂ ಆಪ್ತರಿಗೂ ‘ಅದು’ ಎಂಬ ಹೆಸರಿನ ಅಶರೀರ ಶಕ್ತಿಯೊಂದು ಅಮರತ್ವ ಕೊಡುತ್ತದೆ. ಆರಂಭದಲ್ಲಿ 62 ವರ್ಷಕ್ಕೊಮ್ಮೆ ಜೀವಕೋಶಗಳ ಅಭಿಷೇಕ. ಆಮೇಲೆ ಕೊರಳಿಗೆ ಕಟ್ಟುವ ಯಂತ್ರ, ನಮ್ಮ ತಾಯತದ ಹಾಗೆ. ಹೀಗಾಗಿ ಸಂಗಾತಿಗಳು ಸಾವಿರಾರು ವರ್ಷ ಜೊತೆಗೇ ಇರುತ್ತಾರೆ; 1962ರ 50ನೆಯ ಸಂಚಿಕೆಯಲ್ಲಿ ಬಂದ ಅಟ್ಲಾನ್ ಹೋದರೂ ಬಂದರೂ ಅದೇ ವಯಸ್ಸಿನವನು. ಸಂತೋಷವಾಗುತ್ತದೆ, ಕರುಳು ಚುರ್ರೆನ್ನುವುದಿಲ್ಲ. ಚುರ್ರೆನ್ನುವುದು ತೋರಾಳ ವಿಷಯದಲ್ಲಿ. ಮೊದಲ ಸಂಚಿಕೆಯಲ್ಲಿ ಚಂದ್ರನ ಮೇಲೆ ರೋಡಾನನಿಗೆ ಸಿಕ್ಕಿದವಳು, ಅವನ ಹೆಂಡತಿಯಾದವಳು. ಅವಳ ಕುಲಕ್ಕೆ ಆ ಅಮರತ್ವ ನಿರಾಕರಿಸಲಾಯಿತು. ಗಂಡ ಹಾಗೇ ಉಳಿದ. ಅವಳಿಗೆ ವಯಸ್ಸಾಯಿತು, ಸತ್ತಳು. 2011ರಲ್ಲಿ ಕತೆಯನ್ನು ಮೊದಲಿನಿಂದ ಹೊಸದಾಗಿ ಹೇಳುವ ‘ಪೆರಿ ರೋಡಾನ್ ನೆಯೊ’ ಆರಂಭವಾದಾಗ ಅವಳೂ ಮತ್ತೆ ಬಂದಳು. ಆದರೆ ಅದು ಹೊಸ ಜನ್ಮ, ಪುನರಾಗಮನವಲ್ಲ. ಈ ತೋರಾಳಿಗೆ ಆ ತೋರಾಳ ನೋವು ನೆನಪಿಲ್ಲ.

ಮೂರು ಪ್ರಶ್ನೆಗಳು

ಹಾಗಾದರೆ ಪುನರಾಗಮನ ಒಳ್ಳೆಯದೋ ಕೆಟ್ಟದ್ದೋ ಅಳೆಯುವುದು ಹೇಗೆ? ರೋಗಿಯನ್ನು ಕಂಡಾಗ ಕೇಳುವಂತೆ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಈ ನಡುವೆ ಇವರು ಹೇಗೆ ಬದುಕಿದರು? ಬಂದದ್ದು ಏನು ಕೇಳಲಿಕ್ಕೆ? ಹೋಗುವಾಗ ಏನು ಒಯ್ದರು?

ಮಾರ್ಥಾ ಜೋನ್ಸ್ ಮೂರಕ್ಕೂ ಉತ್ತರ ಕೊಡುತ್ತಾಳೆ. 2007ರಲ್ಲಿ ವೈದ್ಯ ವಿದ್ಯಾರ್ಥಿನಿಯಾಗಿ ಬಂದವಳು, ತಾನಾಗಿಯೇ ಬಿಟ್ಟು ಹೋದವಳು, 2008ರಲ್ಲಿ ಪೂರ್ಣ ವೈದ್ಯೆಯಾಗಿ ತನ್ನ ಕೆಲಸದ ಮೇಲೆ ಅವನನ್ನು ಕರೆಸಿಕೊಳ್ಳುತ್ತಾಳೆ. ರೋಸ್‌ಳ ಮರಳುವಿಕೆಗೆ ನಾನು ಅಷ್ಟು ಅಂಕ ಕೊಡಲಾರೆ. 2006ರಲ್ಲಿ ನಾರ್ವೆಯ ಕಡಲ ದಂಡೆಯಲ್ಲಿ ಇನ್ನೆಂದೂ ಕಾಣೆವೆಂದು ಬೀಳ್ಕೊಂಡದ್ದನ್ನು ನೋಡಿ ಅತ್ತವರಿಗೆ, 2008ರಲ್ಲಿ ಅವಳನ್ನು ಮತ್ತೆ ತಂದು, ಒಂದೇ ಹೃದಯದ, ಮುಪ್ಪಾಗಬಲ್ಲ ಡಾಕ್ಟರಿನ ನಕಲೊಂದನ್ನು ಜೊತೆಗೆ ಕೊಟ್ಟು ಕಳಿಸಿದರು. ದುಃಖಕ್ಕೆ ಮಾತ್ರೆ ಕೊಟ್ಟ ಹಾಗೆ.

2022ರ ಅಕ್ಟೋಬರಿನ ‘ದಿ ಪವರ್ ಆಫ್ ದಿ ಡಾಕ್ಟರ್’ನಲ್ಲಿ ಟೀಗನ್ ಮತ್ತು ಏಸ್ ಬಂದರು. ಕೊನೆಯಲ್ಲಿ ಹಳೆಯ ಸಂಗಾತಿಗಳೆಲ್ಲ ವೃತ್ತಾಕಾರದಲ್ಲಿ ಕುರ್ಚಿ ಹಾಕಿಕೊಂಡು, ಒಂದೇ ರೋಗದಿಂದ ಗುಣವಾದವರ ಬಳಗದಂತೆ, ಅನುಭವ ಹಂಚಿಕೊಳ್ಳುತ್ತಾರೆ. ಅಲ್ಲಿ 1963ರ ಮೊದಲ ಕತೆಯ ಇಯಾನ್ ಪಾತ್ರದ ವಿಲಿಯಂ ರಸೆಲ್ ಕೂಡ ಇದ್ದರು, 97ನೆಯ ವಯಸ್ಸಿನಲ್ಲಿ, 57 ವರ್ಷಗಳ ನಂತರ ಅದೇ ಪಾತ್ರದಲ್ಲಿ. ಅವರು 2024ರಲ್ಲಿ ತೀರಿಕೊಂಡರು. ದೃಶ್ಯ ಚಿಕ್ಕದು. ಆದರೆ ಬಿಟ್ಟುಹೋದವನಿಗಾಗಿ ಕಾಯದೆ ಬಿಡಲ್ಪಟ್ಟವರೇ ಒಬ್ಬರಿಗೊಬ್ಬರು ಸಿಕ್ಕಿದ್ದಾರೆ.

2025ರ ಮೇ ತಿಂಗಳಿನದ್ದು ನನ್ನ ದೃಷ್ಟಿಯಲ್ಲಿ ಸೋಲು. ಡಾಕ್ಟರಿನ ಮೊಮ್ಮಗಳು ಸೂಸನ್. 1964ರಲ್ಲಿ ಒಂದು ದಿನ ಬರುತ್ತೇನೆಂದು ಮಾತು ಕೊಟ್ಟು ಅವನು ಬಿಟ್ಟುಹೋದ ಮಗು. ನಟಿ ಕ್ಯಾರಲ್ ಆ್ಯನ್ ಫೋರ್ಡ್ ಅವರನ್ನು ಇಷ್ಟು ದಶಕಗಳ ಮೇಲೆ ಮಿಂಚಿನಂತೆ ತೋರಿಸಿ, ಆ ಸರಣಿಯಲ್ಲಿ ಮುಂದೆ ಏನೂ ಹೇಳದೆ ಬಿಟ್ಟರು. ಅದೇ ತಿಂಗಳ 31ರಂದು ಡಾಕ್ಟರ್ ದೇಹ ಬದಲಿಸಿದಾಗ ಕಂಡದ್ದು ರೋಸ್ ಆಗಿದ್ದ ಬಿಲ್ಲಿ ಪೈಪರ್ ಅವರ ಮುಖ. ನಮ್ಮ ಮಕ್ಕಳ ಜಗಳ ಶುರುವಾದದ್ದು ಇಲ್ಲಿಂದ. ಹದಿನೈದರ ಹುಡುಗಿಯೊಬ್ಬಳು ನನಗೆ ಹೇಳಿದಳು: “ಅಂಕಲ್, ಇದು ಅಜ್ಜಿ ಮನೆಗೆ ಹೋಗಿ ಬಾಗಿಲಲ್ಲೇ ಸೆಲ್ಫಿ ತಗೊಂಡು ವಾಪಸ್ ಬಂದ ಹಾಗೆ.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಸಾರಾ ಜೇನ್ ಹೋಗುವಾಗ ಏನು ಒಯ್ದಳು? ಯಂತ್ರನಾಯಿ ಕೆ-9 ಒಂದು, ಅದರ ಜೊತೆಗೆ ತನ್ನ ಬದುಕು. ಎಲಿಜಬೆತ್ ಸ್ಲೇಡನ್ ಅವರಿಗಾಗಿಯೇ ‘ದಿ ಸಾರಾ ಜೇನ್ ಅಡ್ವೆಂಚರ್ಸ್’ ಎಂಬ ಮಕ್ಕಳ ಧಾರಾವಾಹಿ 2007ರಲ್ಲಿ ಆರಂಭವಾಗಿ ಐದು ಸರಣಿ ಕಂಡಿತು. ಕಾಯುತ್ತಿದ್ದವಳು ಈಗ ಬೀದಿಯ ಮಕ್ಕಳನ್ನು ಕಟ್ಟಿಕೊಂಡು ತಾನೇ ಭೂಮಿಯನ್ನು ಕಾಯುತ್ತಾಳೆ. 2008ರಿಂದ ಆ ಮಕ್ಕಳಲ್ಲಿ ಒಬ್ಬಳು ರಾಣಿ ಚಂದ್ರಾ, ಭಾರತೀಯ ಮೂಲದ ಹುಡುಗಿ. ಅವಳ ತಂದೆ ಹೆಡ್‌ಮಾಸ್ಟರ್, ತಾಯಿಗೆ ಹೂವಿನ ಅಂಗಡಿ. ಡಾಕ್ಟರ್ ಹೂ ಕತೆಯಲ್ಲಿ ಕೊನೆಗೂ ಹೂವು ಸಿಕ್ಕಿತು! 2011ರ ಏಪ್ರಿಲ್ 19ರಂದು ಸ್ಲೇಡನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ 65.

ನಾವು ಯಾರು?

ಈ ಕಂತನ್ನು ನೋಡುವಾಗ ನಾವು, ಇಲ್ಲಿ ನೆಲೆಸಿದವರು, ಸಹಜವಾಗಿ ಸಾರಾ ಜೇನ್ ಪಕ್ಷ ವಹಿಸುತ್ತೇವೆ. ದೂರದ ಲೋಕ ಕಂಡವರು, ಊರಿಗೆ ಹೋದರೆ ಯಾರಿಗೂ ಅದನ್ನು ವಿವರಿಸಲಾಗದವರು. ಆದರೆ ಊರಲ್ಲಿರುವವರ ಕಣ್ಣಿನಿಂದ ನೋಡಿ. ನೀಲಿ ಡಬ್ಬ ಹತ್ತಿ ಹೋದವರು ನಾವೇ. ಎರಡು ವರ್ಷಕ್ಕೊಮ್ಮೆ, ಮೂರು ವಾರ, ಬೇರೆ ಮುಖ ಹೊತ್ತು ಇಳಿಯುತ್ತೇವೆ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಓದಿದ ಗೆಳೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿಯ ಹೊಸ್ತಿಲಲ್ಲಿದ್ದಾನೆ. ನಮ್ಮ ಪಟ್ಟಿಯಲ್ಲಿ ಒಡವೆ ಅಂಗಡಿಗೆ ಜಾಗವಿರುತ್ತದೆ, ಅವನಿಗಿರುವುದಿಲ್ಲ. ಪ್ರತಿ ಸಲವೂ ಅಪ್ಪ-ಅಮ್ಮ ಸ್ವಲ್ಪ ಕುಗ್ಗಿರುತ್ತಾರೆ. ಅದನ್ನು ನೋಡಲಾರದೆ ಪ್ರಯಾಣ ಮುಂದೂಡಿದವರು ನಮ್ಮಲ್ಲಿಲ್ಲವೇ? ಕೆಲಸ ಜಾಸ್ತಿ ಇತ್ತು ಎನ್ನಲು ನಮಗೆ ಕೃಷ್ಣನ ಆಧಾರವೂ ಇದೆ. ಆದರೆ ಗೋಪಿಯರು ಕೇಳಿದ್ದು ಕಾರಣವನ್ನಲ್ಲ.

ಆದ್ದರಿಂದ ಮಕ್ಕಳ ವಾದಕ್ಕೆ ನನ್ನ ಉತ್ತರ: ಕರೆತನ್ನಿ, ಆದರೆ ಮಾತಾಡಲು ಬಿಡುವಿದ್ದರೆ ಮಾತ್ರ. ‘ಸ್ಕೂಲ್ ರಿಯೂನಿಯನ್’ ನಲವತ್ತೈದು ನಿಮಿಷದ ಕಂತು. ದೊಡ್ಡವರು ಮಕ್ಕಳೊಡನೆ ಒಮ್ಮೆ ಕೂತು ನೋಡಿ; ರಾಕ್ಷಸರು ಬಂದಾಗ ಕಾಫಿ ಮಾಡಿಕೊಳ್ಳಲು ಎದ್ದರೂ ನಷ್ಟವಿಲ್ಲ. ನನ್ನ ಅಂಕಗಳನ್ನು ಒಪ್ಪದ ಯುವಕ ಯುವತಿಯರು, ವಿಶೇಷವಾಗಿ ರೋಸ್ ಪಕ್ಷದವರು, ಮುಂದಿನ ಸಂಚಿಕೆಗೆ ಉತ್ತರ ಬರೆಯಬೇಕೆಂದು ಕೋರಿಕೆ. ಕನ್ನಡದಲ್ಲಿಯೇ ಬರೆಯಿರಿ. ಒತ್ತಕ್ಷರ ತಪ್ಪಿದರೆ ತಿದ್ದಿಕೊಡಲು ಮನೆಯಲ್ಲಿ ಅಮ್ಮ ಇದ್ದಾರೆ, ಫೋನ್ ಮಾಡಿದರೆ ಊರಿನಲ್ಲಿ ಅಜ್ಜಿಯೂ ಇದ್ದಾರೆ.